ಜೇಡನ ಮನೆ ನೋಡುತ್ತಿದ್ದ ಕಾಕು

ಕಳೆದ ಶ್ರಾವಣದ ಕೊನೆಯ ಸೋಮವಾರ ಬೆಳಿಗ್ಗೆ ವಿಜಯಪುರದ ಜಲನಗರದಲ್ಲಿ ನಮ್ಮ ಪಕ್ಕದ ಮನೆಯ ಕಾಕು ತೀರಿಕೊಂಡರು. ಚಿಕ್ಕಮ್ಮನ ಸಲುಗೆಯಿಂದ ನಾವು ಕಾಕು ಎನ್ನುತ್ತಿದ್ದ ಅವರು ಬಬಲೇಶ್ವರದ ಕಡೆಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಅವರ ಬಿಳಿ ಕೂದಲಿಗೆ ಒಂದೆರಡು ಎಳೆ ಜೇಡನ ನೂಲು ಸದಾ ಅಂಟಿರುತ್ತಿತ್ತು. ಬಿಸಿಲಿಗೆ ತಲೆ ತಿರುಗಿಸಿದಾಗ ಮಾತ್ರ ಹೊಳೆಯುತ್ತಿತ್ತು.

ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ ಹಿಡಿದು ಹಿತ್ತಲಲ್ಲಿ ಓಡಾಡುವರು. ನೀರಿನ ಹನಿ ಕೂತು ಬಲೆ ಪೂರ್ತಿ ಕಾಣುವವರೆಗೆ ಜೇಡದ ಹೆಸರು ಹೇಳುತ್ತಿರಲಿಲ್ಲ. “ಹೆಣ್ಣು ನೋಡಾಕ ಹೋದವರು ಮೊದಲ ಮನಿ ನೋಡ್ತಾರಲ್ಲ, ಹಂಗ. ಮೊದಲ ಮನಿ, ಆಮ್ಯಾಲ ಮನಿಯಾಕಿ” ಎನ್ನುವರು. ಪಾಪಸುಕಳ್ಳಿಯ ಮೇಲೆ ಬಲೆ ಡೇರೆಯಂತೆ ಉಬ್ಬಿದ್ದರೆ ಒಂದು ಜಾತಿ. ಬಲೆಯ ನಡುವೆ ದಪ್ಪ ಬಿಳಿ ನೂಲಿನಲ್ಲಿ ಅಂಕುಡೊಂಕು ಹೊಲಿಗೆ ಹಾಕಿದ್ದರೆ ಸಹಿ ಜೇಡ. ಹಳದಿ ಪಟ್ಟೆಯ ಈ ಜೇಡ ಕಾಲುಗಳನ್ನು ಎರಡೆರಡಾಗಿ ಜೋಡಿಸಿ ತಲೆಕೆಳಗಾಗಿ ಕೂರುವುದರಿಂದ ಅದಕ್ಕೆ ನಾಲ್ಕೇ ಕಾಲಿದ್ದಂತೆ ಕಾಣುತ್ತದೆ.

ಗಂಡು ಎಲ್ಲಿ ಎಂದು ಒಮ್ಮೆ ಕೇಳಿದೆ. ಬಲೆಯ ಅಂಚಿನ ಸಣ್ಣ ಚುಕ್ಕೆ ತೋರಿಸಿ, “ಅಲ್ಲಿ ಕುಂತಾನ ನೋಡು ಯಜಮಾನ. ನಿಮ್ಮ ಕಾಕಾನಂಗ, ಕೇಳೇ ಒಳಗ ಬರ್ತಾನ” ಎಂದರು. ಅಲ್ಲೇ ಕೂತಿದ್ದ ಕಾಕಾ ಪತ್ರಿಕೆಯ ಪುಟ ಮಗುಚಿದರು.

ಕೆಲವು ವರ್ಷಗಳ ಹಿಂದೆ ಹೊನವಾಡದಿಂದ ಕಾಕುವಿನ ಅಣ್ಣನ ಮಗ ಫೋನ್ ಮಾಡಿದ. ಅವನ ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳ ಕಣ್ಣಂಚಿಗೆ ಬೊಬ್ಬೆ ಎದ್ದಿದ್ದವು. ಜೇಡ ಉಚ್ಚೆ ಹೊಯ್ದಿದೆ ಎಂದು ಮನೆಯವರು ಕೆಮ್ಮಣ್ಣು ಹಚ್ಚಿದ್ದರು. ಬೊಬ್ಬೆ ರೆಪ್ಪೆಗೆ ಹಬ್ಬುತ್ತಿದ್ದರೂ ಆಕೆ ಆಸ್ಪತ್ರೆಗೆ ಒಲ್ಲೆ ಎನ್ನುತ್ತಿದ್ದಳು. ಜೇಡದ ಬೊಬ್ಬೆಗೆ ಇಂಜೆಕ್ಷನ್ ಮಾಡಿಸಿದರೆ ಕಣ್ಣೇ ಹೋಗುತ್ತದೆ ಎಂದು ಆಕೆಯ ಅತ್ತೆ ಹೇಳಿದ್ದಳು. ಉಳಿದ ಹೆಂಗಸರು ತೋಟಕ್ಕೆ ಬರಲೊಲ್ಲರು. ಅಣ್ಣನ ಮಗ ಬಲೆಗಳಿಗೆ ಔಷಧ ಹೊಡೆಯಲು ಪಂಪು ಸಿದ್ಧ ಮಾಡಿದ್ದ.

ಕಾಕು ಬಸ್ಸು ಹತ್ತಿದರು; ನಾನೂ ಹೋದೆ. ಆ ಹೆಣ್ಣುಮಗಳನ್ನೂ ಉಳಿದ ಹೆಂಗಸರನ್ನೂ ತೋಟಕ್ಕೆ ಕರೆಸಿ, ಬಲೆಗೆ ನೀರು ಚಿಮುಕಿಸಿದರು. ಸಹಿ ಜೇಡ. ಎಲ್ಲರೂ ನೋಡುತ್ತಿರುವಂತೆ ಅದನ್ನು ಎಲೆಯಿಂದ ಮೆಲ್ಲಗೆ ತಮ್ಮ ಮುಂಗೈಗೆ ಇಳಿಸಿಕೊಂಡರು. ಅದು ಮೊಣಕೈವರೆಗೆ ನಡೆದು, ನೂಲು ಬಿಟ್ಟು ಕೆಳಗಿಳಿಯಿತು.

“ಹಂಗಾರ ಇದು ಏನ್ರಿ ಅಕ್ಕಾರ?” ಆಕೆ ತನ್ನ ಕಣ್ಣಂಚು ತೋರಿಸಿದಳು.

“ಗೊತ್ತಿಲ್ಲವಾ. ಜ್ಯಾಡಂದಲ್ಲ ಅನ್ನೂದಷ್ಟ ನಂಗ ಗೊತ್ತು. ಏನಂತ ಡಾಕ್ಟರ್ ಹೇಳ್ತಾರ. ಮುಂಜಾನಿತನಕ ನನ್ನ ಕೈ ನೋಡು. ಬೊಬ್ಬಿ ಎದ್ದರ ನಾನೂ ಕೆಮ್ಮಣ್ಣ ಹಚ್ಚಿಕೊಂಡು ನಿನ್ನ ಮಗ್ಗಲಕ್ಕ ಕುಂದರ್ತೇನಿ.”

ಅಂದು ಅಲ್ಲೇ ಉಳಿದೆವು. ಬೆಳಿಗ್ಗೆ ಮೊದಲು ಬಂದು ಕಾಕುವಿನ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದವಳು ಆ ಅತ್ತೆ. ಏನೂ ಇರಲಿಲ್ಲ. ಸೊಸೆಯ ಕಡೆ ತಿರುಗಿ, “ಸೀರಿ ಬದಲ ಮಾಡು, ಬಸ್ ಬರೂ ಹೊತ್ತಾತು” ಎಂದಳು.

ವಿಜಯಪುರದಲ್ಲಿ ಚರ್ಮದ ಡಾಕ್ಟರು ಕೆಮ್ಮಣ್ಣು ತೊಳೆಸಿ ನೋಡಿದರು. ದೀಪಕ್ಕೆ ಬರುವ ಒಂದು ಸಣ್ಣ ಹುಳ; ಮೈಮೇಲೆ ಕೂತಾಗ ಉಜ್ಜಿದರೆ ಅದರ ರಸದಿಂದ ಹೀಗಾಗುತ್ತದೆ, ಇನ್ನೂ ತಡವಾಗಿದ್ದರೆ ಕಣ್ಣಿಗೆ ಅಪಾಯವಿತ್ತು ಎಂದರು. ಪಂಪು ಮರಳಿ ಶೆಡ್ಡಿಗೆ ಹೋಯಿತು.

ನಾನು ಪತ್ರಿಕೆಯಲ್ಲಿ ದುಡಿಯುವವನು. ಗೊತ್ತಿರುವುದು ಎಲ್ಲಿಗೆ ಮುಗಿಯುತ್ತದೋ ಅಲ್ಲಿಗೇ ವಾಕ್ಯವನ್ನೂ ಮುಗಿಸಬೇಕೆಂದು ಕಲಿತದ್ದು ಆ ದ್ರಾಕ್ಷಿ ಸಾಲಿನಲ್ಲಿ ನಿಂತು.

ಆ ಹೆಣ್ಣುಮಗಳ ಕಣ್ಣು ಉಳಿಯಿತು. ಈಗಲೂ ಅದೇ ತೋಟಕ್ಕೆ ಹೋಗುತ್ತಾಳೆ. ಈ ಸಲ ಬಳ್ಳಿ ಸವರಿ ಕತ್ತರಿಸುವ ಮೊದಲು, ಬಲೆಯಿರುವ ಕಂಬಗಳಿಗೆ ಹಳೆಯ ಸೀರೆಯ ಚೂರು ಕಟ್ಟಿದ್ದಾಳೆ. ಉಳಿದವರು ಬಲೆ ಹರಿಯದಂತೆ ಪಕ್ಕದ ಸಾಲಿನಿಂದ ಹಾಯ್ದು ಹೋಗುತ್ತಾರೆ.