ವಿಭೂತಿಯ ಹಣೆಗೆ ಕುಂಕುಮ

ನನ್ನ ದೇವರ ಗೂಡಿನಲ್ಲಿ ಅಮ್ಮನ ಕಾಲದ ಒಂದು ಕುಂಕುಮದ ಭರಣಿ ಇದೆ. ಚನ್ನಪಟ್ಟಣದ ಮರದ ಭರಣಿ. ಅರಗಿನ ಬಣ್ಣ ಅಲ್ಲಲ್ಲಿ ಎದ್ದಿದೆ, ಮುಚ್ಚಳದ ತಿರುಪು ಸವೆದು ತೆಗೆಯುವಾಗಲೆಲ್ಲ ಕಟಕಟ ಎನ್ನುತ್ತದೆ. ಕುಂಕುಮದ ಘಮಕ್ಕೆ ನಿಮಗೆ ದೇವಸ್ಥಾನವೋ ಮದುವೆಮನೆಯೋ ನೆನಪಾಗಬಹುದು. ನನಗೆ ಮಾತ್ರ ಆ ಮುಚ್ಚಳ ಸದ್ದು ಮಾಡಿದೊಡನೆ ಹಿಮ ಬಿದ್ದ ಬೆಟ್ಟ, ಗೊರಸಿನ ಸಪ್ಪಳ, ಚಾಟಿ ಬೀಸುತ್ತ ಬೆನ್ನಟ್ಟಿ ಬರುವ ಸವಾರರು, ಕಮರಿಯ ಅಂಚಿಗೆ ಬಂದು ನಿಂತ ಬೂದುಬಣ್ಣದ ಒಂದು ಹೆಣ್ಣುಕುದುರೆ ನೆನಪಾಗುತ್ತದೆ. ನಗಬೇಡಿ ಮಹರಾಯರೇ, ಕುಂಕುಮಕ್ಕೂ ಕುದುರೆಗೂ ಏನು ಸಂಬಂಧವೆಂದು ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಮೈಸೂರಿನಿಂದ ಬಂದಿಳಿದದ್ದು ಅಡಿಲೇಡಿಗೆ. ಅಪ್ಪ ಅರಿವಳಿಕೆಯ ಡಾಕ್ಟರು. ಆಸ್ಪತ್ರೆಗಳು ಅವರನ್ನು ಒಂದೆರಡು ವರ್ಷ ಇಟ್ಟುಕೊಂಡು ಮುಂದಿನ ಊರಿಗೆ ದಾಟಿಸುತ್ತಿದ್ದವು. ಅಡಿಲೇಡಿನ ಶಾಲೆಯಲ್ಲಿ ನಮ್ಮ ಟೀಚರಮ್ಮ ದಿನಾ ಊಟದ ಬಿಡುವಿನ ನಂತರ ಮಕ್ಕಳನ್ನೆಲ್ಲ ಜಮಖಾನೆಯ ಮೇಲೆ ಕೂರಿಸಿ, ಒಂದು ಕಥೆಪುಸ್ತಕವನ್ನು ಸ್ವಲ್ಪ ಸ್ವಲ್ಪವಾಗಿ ಓದುತ್ತಿದ್ದರು. ಈ ದೇಶದ ಪರ್ವತಗಳಲ್ಲಿ ಯಾರ ಹಂಗೂ ಇಲ್ಲದೆ ಅಲೆಯುವ ಕಾಡುಕುದುರೆಗಳ ಕಥೆ ಅದು. ಇಲ್ಲಿಯವರು ಅವುಗಳನ್ನು ಬ್ರಂಬಿ ಎನ್ನುತ್ತಾರೆ. ಬೆಟ್ಟದ ಸವಾರರು ಹಿಡಿಯಲು ಬರುತ್ತಾರೆ, ಬೂದುಬಣ್ಣದ ಮರಿಕುದುರೆ ತಪ್ಪಿಸಿಕೊಳ್ಳುತ್ತದೆ. ಮತ್ತೆ ಬರುತ್ತಾರೆ, ಮತ್ತೆ ತಪ್ಪಿಸಿಕೊಳ್ಳುತ್ತದೆ. ಇಂಗ್ಲಿಷ್ ಅರ್ಧ ತಿಳಿದು ಅರ್ಧ ತಿಳಿಯದ ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಕಥೆ ಮುಗಿಯಲು ಇನ್ನೇನು ಕೆಲವು ದಿನ ಇದೆ ಎನ್ನುವಾಗ ಅಪ್ಪನಿಗೆ ಬ್ರಿಸ್ಬೇನಿನ ಕೆಲಸ ಸಿಕ್ಕಿತು.

ಬ್ರಿಸ್ಬೇನಿನಲ್ಲಿ ನಾನು ಸ್ವಂತವಾಗಿ ಓದುವಷ್ಟು ದೊಡ್ಡವಳಾಗಿದ್ದೆ. ಫೋರ್ಟಿಟ್ಯೂಡ್ ವ್ಯಾಲಿಯ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ಅದೇ ಕುದುರೆಯ ಮುಖ ಕಂಡಾಗ ನಾನು ಕಿರುಚಿದ ಕಿರುಚಿಗೆ ಅಂಗಡಿಯವನು ಕನ್ನಡಕ ತೆಗೆದು ನೋಡಿದ. ಅದು ಸರಣಿಯ ಎರಡನೆಯ ಪುಸ್ತಕವಾಗಿತ್ತು. ಆ ಸೆಕೆಯಲ್ಲಿ ಮಾವಿನ ಮರದ ಕೆಳಗೆ ಕೂತು ಹಿಮದ ಕಥೆ ಓದಿ ಓದಿ ಕೊನೆಗೆ ಬಂದರೆ, ಕೊನೆಯ ಹಾಳೆಗಳೇ ಇಲ್ಲ! ಯಾವ ಪುಣ್ಯಾತ್ಮ ಹರಿದಿದ್ದನೋ. ಮೊದಲನೆಯದರ ಕೊನೆ ಅಡಿಲೇಡಿನಲ್ಲಿ ಉಳಿಯಿತು, ಎರಡನೆಯದರ ಕೊನೆ ಗಾಳಿಗೆ ಹೋಯಿತು. ಗೆಳತಿಯರ ಕಥೆಯೂ ಹಾಗೆಯೇ ಆಗುತ್ತಿತ್ತೆನ್ನಿ. ಒಬ್ಬಳ ಪರಿಚಯವಾಗಿ ಗುಟ್ಟು ಹೇಳಿಕೊಳ್ಳುವ ಹಂತಕ್ಕೆ ಬರುವಷ್ಟರಲ್ಲಿ ಅಮ್ಮ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಳು. ಆ ವಯಸ್ಸಿನಲ್ಲಿ ನನಗೆ ಬೇಕಾಗಿದ್ದುದು ಚಿನ್ನವಲ್ಲ, ಬೆಳ್ಳಿಯಲ್ಲ, ಯಾವುದಾದರೂ ಒಂದು ಕಥೆಯ ಕೊನೆ.

ಪುಸ್ತಕದಲ್ಲಿ ಆ ಕುದುರೆಯ ಹೆಸರಿಗೆ ಬೂದಿ ಎಂದು ಅರ್ಥ. ಅಮ್ಮನಿಗೆ ಹೇಳಿದೆ. "ಬೂದಿ ಅಂತ ಯಾರಾದ್ರೂ ಹೆಸರಿಡ್ತಾರೇನೇ? ವಿಭೂತಿ ಅನ್ನು, ಲಕ್ಷಣವಾಗಿರತ್ತೆ" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದು ವಿಭೂತಿಯೇ. ಅಪ್ಪ ಆಸ್ಪತ್ರೆಯಿಂದ ಬಂದು ಷೂ ಬಿಚ್ಚುತ್ತ, "ಏನಮ್ಮ, ವಿಭೂತಿ ಸಿಕ್ಕಿಬಿದ್ಲಾ?" ಎಂದು ವಿಚಾರಿಸುವರು. ಆ ಪರ್ವತಗಳನ್ನು ನಾವು ಯಾರೂ ಕಂಡವರಲ್ಲ. ಅಡಿಲೇಡಿಗೂ ಅವು ದೂರ, ಬ್ರಿಸ್ಬೇನಿಗೂ ದೂರ. ಆಮೇಲೆ ಬಂದ ಪರ್ತಿನಿಂದಂತೂ ಕೇಳಲೇಬೇಡಿ, ನಡುವೆ ಇಡೀ ಮರುಭೂಮಿ. ಪರ್ತಿಗೆ ಬಂದ ಹೊಸದರಲ್ಲಿ ನಾನು ಮುಖ ಊದಿಸಿಕೊಂಡಿದ್ದೇನೆಂದು ಅಪ್ಪ ಒಂದು ಭಾನುವಾರ ಸ್ವಾನ್ ವ್ಯಾಲಿಗೆ ಕರೆದುಕೊಂಡು ಹೋಗಿ, ದ್ರಾಕ್ಷಿತೋಟದ ಬೇಲಿಯೊಳಗೆ ಹುಲ್ಲು ತಿನ್ನುತ್ತಿದ್ದ ಸಾಕುಕುದುರೆಗಳನ್ನು ತೋರಿಸಿದರು. ನನಗೆ ಸಮಾಧಾನವಾಗಲಿಲ್ಲ. "ಕಾಡುಕುದುರೆಗಳೂ ಮೊದಲು ಹಡಗಲ್ಲಿ ಬಂದ ಸಾಕುಕುದುರೆಗಳೇ ಕಣೇ. ನಾವು ಏರೋಪ್ಲೇನಲ್ಲಿ ಬಂದ್ವಿ, ಅಷ್ಟೇ ವ್ಯತ್ಯಾಸ" ಎಂದು ಅಪ್ಪ ನಕ್ಕರು. ಆಗ ಅದು ನನಗೆ ಸುಮ್ಮನೆ ತಮಾಷೆಯ ಮಾತಾಗಿ ಕೇಳಿತ್ತು.

ಪರ್ತಿನ ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಸರಣಿಯ ಮೂರನೆಯ, ಕೊನೆಯ ಪುಸ್ತಕ ಇತ್ತು. ಇತ್ತು ಎಂದರೆ ಯಾವಾಗಲೂ ಯಾರದೋ ಮನೆಯಲ್ಲಿ ಇತ್ತು. ಹೆಸರು ಬರೆಸಿ ಕಾದೆ. ಎಂಬತ್ತರ ದಶಕದ ಮೊದಲ ವರ್ಷಗಳವು. ಫೋನು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೊನೆಗೆ ಒಂದು ಗುರುವಾರ ಗ್ರಂಥಪಾಲಕಿಯ ಫೋನು ಬಂತು. ನನ್ನ ಹಿಂದೆ ಇನ್ನೊಬ್ಬ ಹುಡುಗಿ ಕಾಯುತ್ತಿದ್ದಾಳೆ, ಆದ್ದರಿಂದ ಶನಿವಾರ ತಪ್ಪದೆ ವಾಪಸು ಕೊಡಬೇಕು ಎಂಬ ಷರತ್ತು. ನನಗೇನು, ಒಂದೇ ಸಂಜೆ ಸಾಕು! ಶಾಲೆ ಬಿಟ್ಟು ಓಡಿ ತಂದೆ. ದಾರಿಯಲ್ಲಿ ನಡೆಯುತ್ತಲೇ ಓದಿದೆ, ಚಪ್ಪಲಿ ಬಿಡದೆ ಓದಿದೆ. ವಿಭೂತಿ ಈಗ ತಾಯಿ, ಪಕ್ಕದಲ್ಲಿ ಎಳೆಯ ಮರಿ. ಸವಾರರು ಮೂರು ಕಡೆಯಿಂದ ಮುತ್ತಿದ್ದಾರೆ. ನಾಲ್ಕನೆಯ ಕಡೆ ಕಮರಿ. ತಾನು ಹಾರಿಬಿಡಬಲ್ಲಳು, ಮರಿ ಹಾರಲಾರದು. ಸರಿಯಾಗಿ ಅಲ್ಲಿಗೆ ಅಮ್ಮ ಕೂಗಿದಳು: "ಸ್ನಾನ ಮಾಡ್ಕೊಂಡು ಬಾರೇ, ಪೂಜೆಗೆ ಹೊತ್ತಾಯ್ತು!"

ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಮಂಚದ ಮೇಲೆ ಪುಸ್ತಕವಿಲ್ಲ.

ಆ ಗುರುವಾರ ಸರಸ್ವತಿ ಪೂಜೆ. ನಿಮಗೆ ಗೊತ್ತಲ್ಲ, ನವರಾತ್ರಿಯಲ್ಲಿ ಪುಸ್ತಕಗಳನ್ನು ಮಣೆಯ ಮೇಲೆ ಪೇರಿಸಿ, ಅರಿಸಿನ ಕುಂಕುಮ ಹಚ್ಚಿ, ಹೂವೇರಿಸಿದರೆ, ವಿಜಯದಶಮಿಯ ದಿನ ತೆಗೆಯುವತನಕ ಮನೆಯಲ್ಲಿ ಯಾರೂ ಒಂದಕ್ಷರ ಓದುವ ಹಾಗಿಲ್ಲ. ಮಣೆಯ ಮೇಲೆ ಅಪ್ಪನ ದಪ್ಪದಪ್ಪ ವೈದ್ಯಪುಸ್ತಕಗಳು, ನನ್ನ ಲೆಕ್ಕದ ಪುಸ್ತಕ, ಅಮ್ಮನ ಅಡುಗೆ ಪುಸ್ತಕ, ಎಲ್ಲಕ್ಕಿಂತ ಮೇಲೆ ನನ್ನ ವಿಭೂತಿ. ರಟ್ಟಿನ ಮೇಲೆಯೇ ಅಚ್ಚಾಗಿದ್ದ ಅವಳ ಬೂದುಮುಖದಲ್ಲಿ, ಎರಡು ಕಣ್ಣುಗಳ ನಡುವೆ, ಒದ್ದೆ ಬೆರಳಿನಿಂದ ದುಂಡಗೆ ಒತ್ತಿದ ಕೆಂಪು ಕುಂಕುಮ.

"ಅಮ್ಮಾ! ಇಟ್ಸ್ ನಾಟ್ ಈವನ್ ಅವರ್ ಬುಕ್!" ಎಂದು ಚೀರಿದೆ. ಅವಳು ಕನ್ನಡದಲ್ಲಿ ಕೇಳುವುದು, ನಾನು ಇಂಗ್ಲಿಷಿನಲ್ಲಿ ಹೇಳುವುದು ಆ ಹೊತ್ತಿಗೆ ಅಭ್ಯಾಸವಾಗಿ ಹೋಗಿತ್ತು.

"ಯಾರದಾದ್ರೇನು, ನಮ್ಮನೆಗೆ ಬಂದಿರೋ ಪುಸ್ತಕ. ಎಲ್ಲಕ್ಕೂ ಇಟ್ಟು ಅದನ್ನೊಂದು ಬಿಡೋಕಾಗತ್ತಾ? ಪಾಪ, ಅವಳ ಹಣೆ ಬೋಳಾಗಿತ್ತು."

ಅಳುತ್ತ ಕಾಲು ನೆಲಕ್ಕೆ ಬಡಿದೆ. ವಿಜಯದಶಮಿ ಭಾನುವಾರ, ಪುಸ್ತಕ ಕೊಡಬೇಕಾದದ್ದು ಶನಿವಾರ! ಅಪ್ಪನ ಮೊರೆ ಹೋದರೆ ಅವರು ನನ್ನ ಪಕ್ಷ ವಹಿಸಲಿಲ್ಲ. ಯಾವುದೋ ದೊಡ್ಡ ಪರೀಕ್ಷೆಗೆ ತಿಂಗಳುಗಟ್ಟಲೆ ಓದಿ ಬೇಸತ್ತಿದ್ದ ಆ ಮನುಷ್ಯ, ತಮ್ಮ ಪುಸ್ತಕಗಳೆಲ್ಲ ಮಣೆ ಏರಿದ್ದು ನೋಡಿ, "ಶಾಸ್ತ್ರ ಅಂದ್ಮೇಲೆ ಶಾಸ್ತ್ರ" ಎಂದು ಪರಮ ಭಕ್ತಿಯಿಂದ ಟಿವಿ ಮುಂದೆ ಕಾಲು ಚಾಚಿದರು. ಕೈಗೆಟುಕುವಷ್ಟು ಹತ್ತಿರದಲ್ಲಿ ವಿಭೂತಿ ಕಮರಿಯ ಅಂಚಿನಲ್ಲಿ ನಿಂತಿದ್ದಾಳೆ, ತುಟಿ ಕಚ್ಚಿಕೊಂಡು ನಾನು ಇಲ್ಲಿ ನಿಂತಿದ್ದೇನೆ, ನಡುವೆ ಒಂದು ಚೆಂಡು ಶ್ಯಾವಂತಿಗೆ. ಶುಕ್ರವಾರವಿಡೀ ನಾನು ದೇವರ ಕೋಣೆಗೆ ಎಷ್ಟು ಸಲ ಹೋಗಿ ಬಂದೆನೆಂದರೆ, ಮಗಳಿಗೆ ಇದ್ದಕ್ಕಿದ್ದಂತೆ ಭಕ್ತಿ ಹುಟ್ಟಿತೆಂದು ಅಮ್ಮ ಹಿಗ್ಗಿದಳು.

ಶನಿವಾರ ಆಯುಧಪೂಜೆ. ಕಾರಿಗೂ ಕುಂಕುಮ, ಚಕ್ರದಡಿಗೆ ನಿಂಬೆಹಣ್ಣು. ಅಮ್ಮ ದೇವರ ಮುಂದೆ ನಿಂತು, "ತಾಯಿ, ಇದು ಪರರ ಪುಸ್ತಕ, ಕೊಟ್ಟ ಮಾತಿಗೆ ತಪ್ಪಬಾರದು, ಒಂದು ದಿನ ಮುಂಚೆ ಕಳಿಸ್ತಿದ್ದೀನಿ" ಎಂದು ಅಪ್ಪಣೆ ಕೇಳಿ ಪುಸ್ತಕ ತೆಗೆದಳು. ತೆಗೆದವಳು ನನ್ನ ಕೈಗೆ ಕೊಡದೆ ತನ್ನ ಮಡಿಲಲ್ಲಿಟ್ಟುಕೊಂಡಳು. ರೇಷ್ಮೆ ಸೀರೆಯುಟ್ಟು ಲೈಬ್ರರಿಗೆ ಹೊರಟ ಅಮ್ಮನ ಪಕ್ಕದಲ್ಲಿ ನಾನು ಅಳುವೊಂದು ಬಾಕಿ. ಮೂರನೆಯ ಊರಿನಲ್ಲೂ ಕೊನೆ ಕೈತಪ್ಪಿತಲ್ಲ! ಜೊತೆಗೆ, ಆ ಕಲೆ ನೋಡಿ ನನ್ನ ಕಾರ್ಡನ್ನೇ ಕಿತ್ತುಕೊಂಡರೆ?

ಗ್ರಂಥಪಾಲಕಿ ಪುಸ್ತಕವನ್ನು ಬೆಳಕಿಗೆ ಹಿಡಿದರು. ರಬ್ಬರು ತೆಗೆದುಕೊಂಡು ಸ್ವಲ್ಪ ಉಜ್ಜಿದರು. ಕುಂಕುಮ ಒಳಕ್ಕಿಳಿದಿತ್ತು, ಜಗ್ಗಲಿಲ್ಲ. "ಐ ಪುಟ್ ಇಟ್," ಎಂದಳು ಅಮ್ಮ, ತಲೆಯೆತ್ತಿ. "ಫಾರ್ ರೆಸ್ಪೆಕ್ಟ್." ಅವರು ಅಮ್ಮನ ಹಣೆ ನೋಡಿದರು, ಕುದುರೆಯ ಹಣೆ ನೋಡಿದರು. ಮಕ್ಕಳು ಪುಸ್ತಕಗಳಿಗೆ ಸಾಸು, ಜಾಮು, ಮೂಗಿನ ಸಿಂಬಳ ಎಲ್ಲ ಹಚ್ಚಿ ತಂದಿದ್ದಾರೆ, ಗೌರವ ಹಚ್ಚಿ ತಂದವರು ನೀವೇ ಮೊದಲಿಗರು ಎಂದು ನಗುತ್ತ ರಬ್ಬರನ್ನು ಒಳಗಿಟ್ಟರು.

ಅಷ್ಟರಲ್ಲಿ ಪಕ್ಕದಲ್ಲಿ ಬಂದು ನಿಂತವಳು ಟ್ರೇಸಿ, ನನ್ನ ಹಿಂದೆ ಹೆಸರು ಬರೆಸಿದ್ದ ಹುಡುಗಿ. ನನ್ನದೇ ವಯಸ್ಸು, ಮುಖದ ತುಂಬ ಬಿಸಿಲುಚುಕ್ಕಿ. ಪುಸ್ತಕ ಅವಳ ಕೈಗೆ ಹೋಯಿತು. ನನ್ನ ಕಣ್ಣಲ್ಲಿ ನೀರು ತಡೆಯಲಿಲ್ಲ. ಅಮ್ಮ ನನ್ನ ಮುಖ ನೋಡಿದಳು. ಆಮೇಲೆ ಅವಳು ಕೊಟ್ಟ ತೀರ್ಪನ್ನು ನಾನು ಇಂದಿಗೂ ಧರ್ಮಸೂಕ್ಷ್ಮವೆಂದೇ ತಿಳಿದಿದ್ದೇನೆ. "ಓದಬಾರದು ಅಂದ್ರೆ ನೀನು ಓದಬಾರದು. ಕೇಳಬಾರದು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ." ಟ್ರೇಸಿಯ ಕಡೆ ತಿರುಗಿ, "ಪ್ಲೀಸ್, ಯೂ ರೀಡ್ ಟು ಹರ್. ಲಾಸ್ಟ್ ಪಾರ್ಟ್. ಶಿ ಕೆನಾಟ್ ರೀಡ್" ಎಂದಳು.

ಟ್ರೇಸಿ ನನ್ನನ್ನು ದಿಟ್ಟಿಸಿದಳು. ಅವಳ ಮುಖದಲ್ಲಿ ಏನೋ ಬದಲಾಯಿತು. ಯಾಕೆಂದು ನನಗೆ ತಿಳಿಯಲಿಲ್ಲ. "ಓಕೆ. ಐ'ವ್ ಗಾಟ್ ಆಲ್ ಆರ್ವೊ" ಎಂದಳು. ಮಧ್ಯಾಹ್ನವೆಲ್ಲ ಬಿಡುವಿದೆ ಎಂದರ್ಥ.

ಲೈಬ್ರರಿಯ ಹೊರಗಿನ ಮರದಡಿಯಲ್ಲಿ ಕೂತೆವು. ನಾನು ಅಕ್ಷರ ಕಣ್ಣಿಗೆ ಬೀಳದಿರಲೆಂದು ರೆಪ್ಪೆ ಬಿಗಿದು ಮುಚ್ಚಿಕೊಂಡೆ. ಟ್ರೇಸಿ ಓದತೊಡಗಿದಳು. ಅಯ್ಯೋ, ಆ ಓದು! ಒಂದೊಂದು ಪದಕ್ಕೂ ಬೆರಳಿಟ್ಟು, ಕೂಡಿಸಿ, ತಡವರಿಸಿ, ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಬಂದು. ಸವಾರರು ಚಾಟಿ ಎತ್ತಿದರೆ ಇಳಿಸುವಷ್ಟರಲ್ಲಿ ನನ್ನ ಪ್ರಾಣ ಹೋಗಿ ಬರುತ್ತಿತ್ತು. ಕಮರಿಯ ತುದಿಯಲ್ಲಿ ಒಂದು ಉದ್ದನೆಯ ಪದ ಎದುರಾಗಿ ಅವಳು ನಿಂತೇಬಿಟ್ಟಳು. ಬಿಟ್ಟು ಮುಂದೆ ಹೋಗಲೇ ಎಂದು ಕೇಳಿದಳು. ಬೇಡ, ಒಂದು ಪದವನ್ನೂ ಬಿಡಬೇಡ ಎಂದೆ. ಅವಳು ಉಸಿರೆಳೆದುಕೊಂಡು, ಆ ಪದವನ್ನು ಮುರಿದು, ಜೋಡಿಸಿ, ಗೆದ್ದಳು. ಆಗ ವಿಭೂತಿ ಹಾರಲಿಲ್ಲ. ಮರಿಯನ್ನು ಪಕ್ಕೆಗೊತ್ತಿಕೊಂಡು ಗಿರ್ರನೆ ಹಿಂದಕ್ಕೆ ತಿರುಗಿ, ಯಾರ ಭಯಕ್ಕೆ ಓಡುತ್ತಿದ್ದಳೋ ಆ ಸವಾರರ ಕಡೆಗೇ ನುಗ್ಗಿದಳು! ಅವರ ಕುದುರೆಗಳು ಬೆದರಿ ಎದ್ದು ನಿಂತವು. "ಓಡು ತಾಯಿ, ಓಡು!" ಎಂದು ಯಾರೋ ಕೂಗಿದರು. ಕಣ್ಣು ಬಿಟ್ಟರೆ ನಮ್ಮಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿ, ರೇಷ್ಮೆ ಸೀರೆಯಲ್ಲಿ ಹುಲ್ಲಿನ ಮೇಲೆ ಮಂಡಿಯೂರಿದ್ದಾಳೆ. ವಿಭೂತಿ ಸವಾರರ ನಡುವಿನಿಂದ ತೂರಿ, ಮಂಜಿನೊಳಗೆ ಹೋಗಿ, ಮತ್ತೆ ಯಾರಿಗೂ ಕಾಣಲಿಲ್ಲ. ಕಥೆ ಮುಗಿಯಿತು. ನಾವು ಮೂವರೂ ಎದ್ದು ಕುಣಿದೆವು.

ಆಮೇಲೆ ನಾನು ಎಷ್ಟೋ ಪುಸ್ತಕಗಳನ್ನು ಒಂದೇ ಗುಕ್ಕಿಗೆ ನುಂಗಿದ್ದೇನೆ, ಅವುಗಳಲ್ಲಿ ಅರ್ಧದ ಕೊನೆ ನೆನಪಿಲ್ಲ. ಆ ದಿನ ಕೇಳಿದ್ದರ ಒಂದೊಂದು ಪದವೂ ನೆನಪಿದೆ. ಪದ ಬರಲೆಂದು ಕಾದವಳಿಗೆ ಪದದ ಬೆಲೆ ಗೊತ್ತಾಗುತ್ತದೆಯೋ ಏನೋ. ಕಾಯುವುದನ್ನು ನಾವು ಕಷ್ಟವೆಂದುಕೊಳ್ಳುತ್ತೇವೆ. ನನಗಂತೂ ನನ್ನ ಬಾಲ್ಯದ ಅತ್ಯಂತ ದೊಡ್ಡ ಸಂಭ್ರಮ ಕಾಯುವುದರೊಳಗೇ ಸಿಕ್ಕಿತು.

ಹೊರಡುವಾಗ ಟ್ರೇಸಿ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು: ತಾನು ಕ್ಲಾಸಿನಲ್ಲಿ ಯಾವತ್ತೂ ಗಟ್ಟಿಯಾಗಿ ಓದುವುದಿಲ್ಲ, ಎಲ್ಲರೂ ನಗುತ್ತಾರೆ, ಆದರೆ ನಿನಗೆ ಓದಲು ಬರುವುದೇ ಇಲ್ಲವಲ್ಲ, ಅದಕ್ಕೇ ಧೈರ್ಯ ಬಂತು, ನಾಚಿಕೊಳ್ಳಬೇಡ, ನಾಳೆ ಬಂದು ನಿನಗೆ ಎ ಬಿ ಸಿ ಕಲಿಸಲೇ? ನಾನು ಅಮ್ಮನ ಬಳಿಗೆ ಓಡಿದೆ. ಅಮ್ಮನಿಗೆ ಹೇಳಿದರೆ ಅವಳ ಕಣ್ಣರಳಿತು. "ನಾಳೆ ವಿಜಯದಶಮಿ ಕಣೇ! ಅಕ್ಷರ ಹೇಳಿಕೊಡ್ತೀನಿ ಅಂತ ಬರೋರನ್ನ ಬೇಡ ಅಂತೀವಾ? ಬರಲಿ."

ಭಾನುವಾರ ಟ್ರೇಸಿ ಪೆನ್ಸಿಲ್ಲು ಹಿಡಿದುಕೊಂಡು ಬಂದಾಗ ಪುಸ್ತಕ ತೆಗೆಯುವ ಶಾಸ್ತ್ರ ನಡೆದಿತ್ತು. ಅಪ್ಪ ನಿಟ್ಟುಸಿರಿಟ್ಟು ತಮ್ಮ ಗ್ರಂಥ ತೆರೆದರು. ಅಮ್ಮ ನನ್ನ ಕೈಗೂ ಒಂದು ಪುಸ್ತಕ ಕೊಟ್ಟಳು, ಆ ದಿನ ನಾಲ್ಕು ಸಾಲಾದರೂ ಓದಬೇಕು. ನಾನು ನೀರು ಕುಡಿದಂತೆ ಓದಿದೆ. ಟ್ರೇಸಿಯ ಬಾಯಿ ತೆರೆದದ್ದು ತೆರೆದೇ ಇತ್ತು. "ಬಟ್ ಯೂ ಕಾಂಟ್ ರೀಡ್!" ಅವಳ ಕಣ್ಣಲ್ಲಿ ಮೋಸಹೋದವರ ನೋವು ಮೂಡತೊಡಗಿತು. ಈ ಗೆಳತಿಯ ಕಥೆಯೂ ಇಲ್ಲಿಗೇ ಹರಿಯಿತು ಎಂದುಕೊಂಡೆ.

ಅಮ್ಮ ಶಾಂತವಾಗಿ, "ಯೆಸ್ಟರ್ಡೇ ಶಿ ಕೆನಾಟ್. ಟುಡೇ ಶಿ ಕ್ಯಾನ್" ಎಂದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಟ್ರೇಸಿ ನನ್ನನ್ನು ನೋಡಿದಳು, ತನ್ನ ಪೆನ್ಸಿಲ್ಲು ನೋಡಿಕೊಂಡಳು. ನಿನ್ನೆ ಒಂದು ಮಧ್ಯಾಹ್ನ ತಾನು ಓದಿ ಹೇಳಿದ್ದಕ್ಕೇ ಒಬ್ಬ ಹುಡುಗಿಗೆ ಓದು ಬಂದುಬಿಟ್ಟಿದೆ! ಅವಳ ಬೆನ್ನು ಮೆಲ್ಲಗೆ ನೆಟ್ಟಗಾಯಿತು. ಮರುದಿನವೇ ಕ್ಲಾಸಿನಲ್ಲಿ ಕೈಯೆತ್ತಿ ಓದಿದಳಂತೆ. ಮುಂದೆ ಶಾಸ್ತ್ರದ ಸಂಗತಿಯೆಲ್ಲ ತಿಳಿದ ಮೇಲೂ ಅವಳು ಹಟ ಬಿಟ್ಟಿಲ್ಲ. ಇಂದಿಗೂ ಪರ್ತಿನ ಪಿಯಾರಾ ವಾಟರ್ಸ್ ಬಡಾವಣೆಯ ನಮ್ಮ ಮನೆಗೆ ಬಂದಾಗ, ಇವಳಿಗೆ ಓದು ಕಲಿಸಿದವಳು ನಾನೇ ಎಂದು ನನ್ನ ಮೊಮ್ಮಕ್ಕಳಿಗೆ ಹೇಳುತ್ತಾಳೆ. ನಾನು ಹೌದು ಎನ್ನುತ್ತೇನೆ.

ಅಂದು ಮನೆಗೆ ಬಂದ ಗುರುವನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅಮ್ಮ ಅವಳನ್ನು ಮಣೆಯ ಮೇಲೆ ಕೂರಿಸಿ, ಹಣ್ಣು ಕೊಟ್ಟು, ಭರಣಿಯ ಮುಚ್ಚಳ ತಿರುಗಿಸಿದಳು, ಕಟಕಟ. ಬಿಸಿಲುಚುಕ್ಕಿಯ ಆ ಹಣೆಗೆ ದುಂಡಗೆ ಕುಂಕುಮ ಒತ್ತಿದಳು. ಟ್ರೇಸಿ ಕನ್ನಡಿಗೆ ಓಡಿ ನೋಡಿಕೊಂಡು, ಖುಷಿಯಿಂದ ಮನೆಯೆಲ್ಲ ಕೇಳುವಂತೆ ಕೂಗಿದಳು:

"ಸೇಮ್ ಆ್ಯಸ್ ದ ಹಾರ್ಸ್!"