ಎಚ್. ಮೈಸೂರಿನ ಏಳು ಮೊಲಗಳು

ಷಡಕ್ಷರಿಯವರ ಬಗ್ಗೆ ಬರೆಯಬೇಕು ಅಂದುಕೊಂಡೇ ಎರಡು ವರ್ಷ ಕಳೆಯಿತು. ಬರೆಯಲು ಕೂತಾಗಲೆಲ್ಲ ಬೇಜಾರಾಗಿ ಎದ್ದುಬಿಡುತ್ತೇನೆ. ಬೇಜಾರು ಅವರ ಮೇಲಲ್ಲ. ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದೆ. ಅವರು ಅದೇ ವಿಭಾಗದ ಲ್ಯಾಬ್ ಅಟೆಂಡರ್. ಬೇರೆ ಮೇಷ್ಟರುಗಳು ಅವರನ್ನು ಬಾರೋ ಹೋಗೋ ಅನ್ನುತ್ತಿದ್ದರು. ನಾನು 'ನೀವು' ಅನ್ನುತ್ತಿದ್ದೆ, ಅಷ್ಟಕ್ಕೇ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ತೊಂಬತ್ತಾರರಲ್ಲಿ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯವರು ದಕ್ಷಿಣದ ಕಾಡುಮೊಲಗಳ ವಂಶ ಹುಡುಕಲು ಹೊರಟರು. ಮೊಲದ ಕಿವಿಯ ಒಂದು ಚೂರು ಸಿಕ್ಕರೆ ಅವರಿಗೆ ಸಾಕು. ಅದರಿಂದ ಡಿಎನ್‌ಎ ತೆಗೆದು ಅಕ್ಷರ ಅಕ್ಷರವಾಗಿ ಓದುತ್ತಾರೆ, ಒಂದು ಊರಿನ ಮೊಲಕ್ಕೂ ಇನ್ನೊಂದು ಊರಿನ ಮೊಲಕ್ಕೂ ಎಷ್ಟು ಅಕ್ಷರ ಬೇರೆ ಎಂದು ನೋಡುತ್ತಾರೆ. ಹೆಚ್ಚು ಬೇರೆಯಿದ್ದರೆ ಆ ಎರಡು ಗುಂಪು ಅಗಲಿ ಹೆಚ್ಚು ಕಾಲವಾಗಿದೆ ಎಂದರ್ಥ. ತಾಯಿಯಿಂದ ಮಾತ್ರ ಮರಿಗೆ ಇಳಿಯುವ ಒಂದು ಭಾಗವಿದೆ, ಅದರ ಜಾಡು ಹಿಡಿದರೆ ಯಾವ ಗುಂಪು ಎಲ್ಲಿಂದ ಹೊರಟು ಎಲ್ಲಿಗೆ ಹರಡಿತು ಎನ್ನುವುದೂ ತಿಳಿಯುತ್ತದೆ. ನಮ್ಮ ಜಿಲ್ಲೆಯ ಮೊಲ ಒದಗಿಸುವ ಕೆಲಸ ನನಗೆ ಬಂತು. ನನ್ನ ಪ್ರಶ್ನೆ ಸಣ್ಣದು. ಹೇಮಾವತಿಯ ಆಚೆ ಚನ್ನರಾಯಪಟ್ಟಣದ ಕಡೆಯ ಮೊಲವೂ ಈಚೆ ಅರಕಲಗೂಡು, ನಮ್ಮ ತಾಲ್ಲೂಕಿನದೇ ಆದ ಹಳ್ಳಿಮೈಸೂರು ಕಡೆಯ ಮೊಲವೂ ಒಂದೇ ತಾಯಿಯ ಸಂತಾನವೋ, ಹೊಳೆ ಅವನ್ನು ಬೇರೆ ಮಾಡಿದೆಯೋ?

ಇದನ್ನು ಷಡಕ್ಷರಿಯವರಿಗೆ ವಿವರಿಸಿದಾಗ ಅವರು ಕೈಯಲ್ಲಿದ್ದ ಟ್ರೇ ಕೆಳಗಿಟ್ಟರು.

"ಅಂಗಾರೆ ಮೊಲಕ್ಕೂ ಮನೆತನ ಅದೆ ಅನ್ನಿ ಮೇಡಂ."

"ಇದೆ. ಹೇಳೋರಿಲ್ಲ ಅಷ್ಟೆ."

"ಚನ್ರಾಯ್ಪಟ್ಣದ ಕಡೆ ಮೊಲದ್ದು ಕತ್ತು ಒಸಿ ಜಾಸ್ತಿ ಕಪ್ಪು. ನಾನು ನೋಡಿವ್ನಿ."

ಪ್ರಶ್ನೆ ನನ್ನದಾದರೂ ಓಡಾಟ ಅವರದು. ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಮೊಲವನ್ನಷ್ಟೇ ಮುಟ್ಟಲು ಅರಣ್ಯ ಇಲಾಖೆ ಅನುಮತಿ ಕೊಟ್ಟಿತ್ತು. ಕಾಗೆ, ನಾಯಿ ಬರುವ ಮುಂಚೆ ಹೋಗಬೇಕು. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಅವರು ಲೂನಾ ಹತ್ತಿ ಒಂದು ವಾರ ಮೈಸೂರು ರಸ್ತೆ, ಒಂದು ವಾರ ಚನ್ನರಾಯಪಟ್ಟಣದ ರಸ್ತೆ ಹಿಡಿಯುತ್ತಿದ್ದರು. ಹತ್ತು ಸಲ ಹೋದರೆ ಏಳು ಸಲ ಬರಿಗೈ. ಲಿಂಗ ಕಟ್ಟಿದ ಮನುಷ್ಯ, ಜನ್ಮದಲ್ಲಿ ಮೊಟ್ಟೆ ಮುಟ್ಟಿದವರಲ್ಲ. ರಸ್ತೆ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಕಿವಿಯ ತುದಿ ಕತ್ತರಿಸಿ, ಮೊಲವನ್ನು ಬೇಲಿಯಾಚೆ ಮಣ್ಣು ಮಾಡಿ ಬರುತ್ತಿದ್ದರು. ಅವರ ಹೆಂಡತಿ ಗಂಗಾಂಬಿಕೆ ಹಿತ್ತಿಲಲ್ಲೇ ನೀರಿಡುತ್ತಿದ್ದರು. ಸ್ನಾನವಾಗದೆ ಹೊಸಿಲು ದಾಟುವಂತಿರಲಿಲ್ಲ.

"ಮನೇಲಿ ಏನೂ ಅನ್ನಲ್ವಾ?" ಎಂದು ಒಮ್ಮೆ ಕೇಳಿದ್ದೆ.

"ಅನ್ನದೆ ಇರ್ತಾಳಾ ಮೇಡಂ? ಸತ್ತೋಗಿರೋ ಮೊಲಕ್ಕೆ ಜಾತ್ಕ ಬರ್ಸಕ್ಕೆ ಓಗ್ತೀರಾ ಅಂತಾಳೆ."

ಡಾಕ್ಟರ ಶಾಪಿನಿಂದ ತಂದ ಖಾಲಿ ಇಂಜೆಕ್ಷನ್ ಸೀಸೆಯಲ್ಲಿ ಸ್ಪಿರಿಟ್ ಹಾಕಿ ಕಿವಿಯ ಚೂರನ್ನು ಇಡುತ್ತಿದ್ದರು. ಶಾಯಿ ಸ್ಪಿರಿಟ್ಟಿನಲ್ಲಿ ಕರಗುತ್ತದೆಂದು ಊರು, ತಾರೀಖನ್ನು ಪೆನ್ಸಿಲಿನಲ್ಲಿ ಬರೆದು ಚೀಟಿಯನ್ನು ಸೀಸೆಯೊಳಗೇ ಹಾಕುತ್ತಿದ್ದರು. ಗುಂಡು ಗುಂಡು ಕನ್ನಡ ಅಕ್ಷರ. ಮೂರು ವರ್ಷಕ್ಕೆ ನಲವತ್ತೊಂದು ಸೀಸೆಯಾದವು. ಆ ಚೀಟಿಗಳನ್ನು ನೋಡಿ ಇಂಗ್ಲಿಷಿನಲ್ಲಿ ಪಟ್ಟಿ ಟೈಪ್ ಮಾಡಿದವಳು ನಾನು. ಕಾಲಂ ಕಿರಿದಾಗಿತ್ತು, ನನಗೆ ಆ ದಿನ ತಲೆನೋವು ಬೇರೆ. 'ಹಳ್ಳಿಮೈಸೂರು' ಎಂದು ಏಳು ಸಲ ಪೂರ್ತಿ ಬರೆಯಲು ಬೇಸರವಾಗಿ 'ಎಚ್. ಮೈಸೂರು' ಎಂದು ಕುಟ್ಟಿದೆ. ನಮ್ಮ ತಾಲ್ಲೂಕಿನವರಿಗೆ ಅದು ಅರ್ಥವಾಗುತ್ತದೆ.

ಬೆಂಗಳೂರಿನಲ್ಲಿ ಆಗಲಿಲ್ಲ. ಇಂಗ್ಲಿಷಿನಲ್ಲಿ ಕಾಡುಮೊಲಕ್ಕೆ 'ಹೇರ್' ಅನ್ನುತ್ತಾರೆ, ಅದಕ್ಕೂ ಎಚ್ ಅಕ್ಷರವೇ ಮೊದಲು. ಅವರು 'ಮೊಲ, ಮೈಸೂರು' ಎಂದು ಓದಿಕೊಂಡು ಸೀಸೆಗಳ ಮೇಲೆ ತಮ್ಮ ನಂಬರು ಅಂಟಿಸಿದರು. ಒಳಗಿದ್ದ ಚೀಟಿ ಓದಬಲ್ಲವರು ಆ ಲ್ಯಾಬಿನಲ್ಲಿ ಯಾರೂ ಇರಲಿಲ್ಲವಂತೆ.

ಎರಡು ಸಾವಿರದ ಒಂದರಲ್ಲಿ ಪ್ರಿನ್ಸಿಪಾಲರ ಹೆಸರಿಗೆ ಪತ್ರ ಬಂತು. ನಾವು ಕಳಿಸಿದ ಮೈಸೂರಿನ ಏಳು ಮೊಲಗಳು ಹೊಳೆನರಸೀಪುರದ ಮೊಲಗಳ ವಂಶಕ್ಕೇ ಸೇರುತ್ತವೆ, ಆದರೆ ಮೈಸೂರಿನಲ್ಲಿ ಬೇರೊಂದು ತಂಡ ಹಿಡಿದ ಮೊಲಗಳು ಪೂರ್ತಿ ಇನ್ನೊಂದು ಗುಂಪು. ಸಂಗ್ರಹಿಸಿದ ಸಿಬ್ಬಂದಿ ಸೀಸೆಗಳನ್ನು ಅದಲುಬದಲು ಮಾಡಿದಂತಿದೆ. ನಂಬಲು ಬಾರದ್ದರಿಂದ ನಲವತ್ತೊಂದನ್ನೂ ಕೈಬಿಡಲಾಗಿದೆ.

ಪ್ರಿನ್ಸಿಪಾಲ್ ಚಂದ್ರಶೇಖರಯ್ಯನವರು ಇಬ್ಬರನ್ನೂ ಕರೆಸಿದರು. ಒಳಗೆ ಹೋಗುವ ಮುಂಚೆ ಪತ್ರದ ನಕಲು ನನ್ನ ಕೈಗೆ ಬಂದಿತ್ತು, ನನ್ನ ಪಟ್ಟಿಯ ಕಾರ್ಬನ್ ಪ್ರತಿ ತೆಗೆದು ನೋಡಿದ್ದೆ. ಹತ್ತು ನಿಮಿಷದಲ್ಲಿ ಎಲ್ಲ ತಿಳಿದಿತ್ತು.

"ಏನಯ್ಯಾ, ಸೀಸೆಗಳನ್ನೆಲ್ಲ ಕಲಸಿಬಿಟ್ಟೆಯಂತೆ?" ಎಂದರು ಪ್ರಿನ್ಸಿಪಾಲರು.

ಷಡಕ್ಷರಿ ನನ್ನ ಮುಖ ನೋಡಿದರು. ನಾನು ಕೈಯಲ್ಲಿದ್ದ ಪತ್ರ ನೋಡುತ್ತಿದ್ದೆ.

"ನಂಗೆ ಗ್ಯಾಪ್ಕ ಇರೋ ಮಟ್ಟಿಗೆ ಇಲ್ಲ ಸಾ," ಎಂದರು. ಆಮೇಲೆ, "ಆದ್ರೆ ಅವ್ರು ದೊಡ್ಡೋರು, ಮಿಷಿನ್ನಲ್ಲಿ ನೋಡಿ ಬರ್ದವ್ರೆ. ಆಗಿರ್ಬೌದು."

ಆ ತಿಂಗಳು ನನ್ನ ಬಡ್ತಿಯ ಕಡತ ಮೇಲಕ್ಕೆ ಹೋಗಿತ್ತು. ತಪ್ಪು ನನ್ನದು ಎಂದು ಒಂದು ಸಾಲು ಬರೆದರೆ ಅದು ನಿಲ್ಲುತ್ತಿತ್ತೋ ಇಲ್ಲವೋ, ಈಗಲೂ ಗೊತ್ತಿಲ್ಲ. ನಾಳೆ ಬರೆದರಾಯಿತು ಅಂದುಕೊಂಡೆ. ನಾಳೆಯೂ ಹಾಗೇ ಅಂದುಕೊಂಡೆ. ಬಡ್ತಿ ಬಂತು. ಆಮೇಲೆ ಆ ಸಂಸ್ಥೆಯವರು ಅಚ್ಚು ಹಾಕಿಸಿದ ನಕ್ಷೆಯಲ್ಲಿ ದಕ್ಷಿಣದ ತುಂಬ ಚುಕ್ಕೆಗಳಿದ್ದವು, ನಮ್ಮ ಜಿಲ್ಲೆ ಮಾತ್ರ ಖಾಲಿ. ಹೊಳೆಯ ಎರಡು ದಡದ ಪ್ರಶ್ನೆಯನ್ನು ಮತ್ತೆ ಯಾರೂ ಕೇಳಲಿಲ್ಲ.

ಆ ದಿನದಿಂದ ಷಡಕ್ಷರಿಯವರ ವರ್ತನೆ ಬೇರೆಯಾಯಿತು. ಇಪ್ಪತ್ತು ವರ್ಷ ಕಣ್ಣು ಮುಚ್ಚಿ ಎತ್ತಿಕೊಡುತ್ತಿದ್ದ ಜಾಡಿಗಳನ್ನು ನನ್ನ ಮೇಜಿಗೆ ತಂದು, "ಮೇಡಂ, ಇದು ಕಪ್ಪೆ ಜಾಡೀನೇ ಅಲ್ವಾ? ಒಂದ್ಸಲ ನೋಡ್ಬುಡಿ," ಅನ್ನುತ್ತಿದ್ದರು. ಬೀರುವಿಗೆ ಬೀಗ ಹಾಕಿ ಮೂರು ಸಲ ಜಗ್ಗುತ್ತಿದ್ದರು, ಗೇಟಿನವರೆಗೆ ಹೋಗಿ ಮತ್ತೆ ಬರುತ್ತಿದ್ದರು. ಹುಡುಗರು ಕಿಸಕ್ಕನೆ ನಗುತ್ತಿದ್ದರು. ಇವರಿಗೆ ನಿಜ ಗೊತ್ತಾಗಿದೆ, ಬೇಕೆಂದೇ ನನ್ನನ್ನು ಚುಚ್ಚುತ್ತಿದ್ದಾರೆ ಎಂದು ನಾನು ತಿಳಿದೆ. ಸಿಟ್ಟು ಬರುತ್ತಿತ್ತು. "ಅಷ್ಟೂ ಗೊತ್ತಾಗಲ್ವೇನ್ರೀ?" ಎಂದು ಒಂದೆರಡು ಸಲ ರೇಗಿಯೂ ಬಿಟ್ಟೆ. ಎರಡು ಸಾವಿರದ ಮೂರರಲ್ಲಿ ನಿವೃತ್ತರಾಗಿ ಅರಕಲಗೂಡು ತಾಲ್ಲೂಕಿನ ತಮ್ಮ ಊರು ಮಲ್ಲಿಪಟ್ಟಣಕ್ಕೆ ಹೊರಟುಹೋದರು. ನಿಜ ಹೇಳುತ್ತೇನೆ, ನನಗೆ ಹಾಯೆನಿಸಿತು.

ಹಾಯೆನಿಸಿದ್ದು ಬಹಳ ದಿನ ಉಳಿಯಲಿಲ್ಲ. ಎರಡು ವರ್ಷದ ಮೇಲೆ ನಾನೂ ನಿವೃತ್ತಳಾದೆ, ಕಳೆದುಕೊಳ್ಳಲು ಏನೂ ಉಳಿಯದಿದ್ದಾಗ ತಪ್ಪು ನನ್ನದೆಂದು ಆ ಸಂಸ್ಥೆಗೆ ಪತ್ರ ಬರೆದೆ. ಮೂರು ಸಾಲಿನ ಉತ್ತರ ಬಂತು. ತಿದ್ದುಪಡಿಗೆ ವಂದನೆಗಳು, ಸೀಸೆಗಳನ್ನು ಈಗಾಗಲೇ ವಿಲೇವಾರಿ ಮಾಡಲಾಗಿದೆ. ಅದನ್ನು ಹಿಡಿದು ಅರಕಲಗೂಡಿನಲ್ಲಿ ಬಸ್ಸು ಬದಲಿಸಿ ಮಲ್ಲಿಪಟ್ಟಣಕ್ಕೆ ಹೋದೆ.

ಷಡಕ್ಷರಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಎದ್ದು ಚಾಪೆ ಹಾಸಿದರು. ಕಾಫಿಯಾಯಿತು. ನಾನು ಪಟ್ಟಿಯ ವಿಷಯ, ಎಚ್. ಮೈಸೂರಿನ ವಿಷಯ ಹೇಳಿದೆ. ಅವರು ತಲೆಯೆತ್ತದೆ ಕೇಳಿಸಿಕೊಂಡರು.

"ಅಂಗಾರೆ ಸೀಸೆ ಅದ್ಲುಬದ್ಲಾಗಿರ್ನಿಲ್ವಾ?"

"ಇಲ್ಲ."

"ಒಂದೂವೆ?"

"ಒಂದೂ ಇಲ್ಲ. ನಲವತ್ತೊಂದೂ ಸರಿಯಾಗಿದ್ವು."

ಅವರು ತಮ್ಮ ಎರಡೂ ಕೈಯನ್ನು ಪಂಚೆಗೆ ಒರೆಸಿಕೊಂಡರು. ಬಾಗಿಲಲ್ಲಿ ನಿಂತಿದ್ದ ಗಂಗಾಂಬಿಕೆ ಮುಂದೆ ಬಂದರು.

"ನಾನು ಅವತ್ತೇ ಅಂದೆ ಕಣ್ರವ್ವಾ. ಪಟ್ಟಿ ಬರ್ದೋರು ಮೇಡಮ್ಮೋರು, ಅವ್ರುನ್ನ ಒಂದ್ ಮಾತು ಕೇಳಿ ಅಂತ. ಮೇಡಮ್ಮೋರು ಪಕ್ಕದಲ್ಲೇ ನಿಂತಿದ್ರು, ನಂದು ಸರಿ ಇದ್ದಿದ್ರೆ ಅವ್ರು ಹೇಳ್ದೆ ಇರ್ತಿದ್ರಾ ಅಂತ ಇವ್ರು ನನ್ ಬಾಯಿ ಮುಚ್ಚಿಸ್ಬುಟ್ರು. ಅವತ್ತಿಂದ ಒಲೆ ಆರ್ಸಿದ್ನಾ, ಬಾಗ್ಲು ಆಕಿದ್ನಾ ಅಂತ ನನ್ನೇ ಕೇಳ್ತಾರೆ. ತಮ್ ಕೈನ ತಾವೇ ನಂಬಲ್ಲ."

ಅವರು ಚುಚ್ಚುತ್ತಿರಲಿಲ್ಲ. ನನ್ನನ್ನು ನಂಬಿ ತಮ್ಮನ್ನು ಬಿಟ್ಟುಕೊಟ್ಟಿದ್ದರು.

"ನಿಮ್ಗೆ ಇದು ಯಾವಾಗ ಗೊತ್ತಾಯ್ತು ಮೇಡಂ?" ಷಡಕ್ಷರಿ ಕೇಳಿದರು.

ಈಚೆಗೆ ಹಳೇ ಕಾಗದ ನೋಡುವಾಗ ಕಣ್ಣಿಗೆ ಬಿತ್ತು ಎಂದು ಹೇಳಲು ಬಸ್ಸಿನಲ್ಲೇ ತಯಾರಾಗಿ ಬಂದಿದ್ದೆ. ಆ ಮಾತು ಬಾಯಿಗೆ ಬರಲಿಲ್ಲ.

"ಅವತ್ತೇ," ಎಂದೆ.

ಅವರು ಮೊರ ಹತ್ತಿರ ಎಳೆದುಕೊಂಡು ಮತ್ತೆ ಅವರೆಕಾಯಿ ಸುಲಿಯತೊಡಗಿದರು.

"ನಾಕೂವರೆಗೆ ಅರಕಲಗೂಡು ಬಸ್ಸು ಬತ್ತದೆ," ಎಂದರು. "ಓಗ್ಬುಡಿ."

ಅಷ್ಟು ವರ್ಷದಲ್ಲಿ ಅವರು ನನ್ನನ್ನು ಮೇಡಂ ಅನ್ನದೆ ಕಳಿಸಿಕೊಟ್ಟದ್ದು ಅದೇ ಮೊದಲು.