ಬೆಳಗಿನ ಲಿವರ್‌ಗಳಿಗೆ ಹತ್ತದ ಕೆಂಪು

೨೦೨೩ರ ಜನವರಿ. ಮೈಸೂರಿನ ಒಂದು ಆನೋಡೈಸಿಂಗ್ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಮಿಸ್ಟ್ ಆಗಿದ್ದು, ನಿವೃತ್ತಳಾಗಿ ಮಂಡ್ಯದ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಕೂತಲ್ಲಿ ಕೂರುವ ಸ್ವಭಾವ ನನ್ನದಲ್ಲ. ಒಂದು ಗುರುವಾರ ಬೆಳಿಗ್ಗೆ ಮದ್ದೂರಿನಿಂದ ಸಿದ್ದರಾಜು ಫೋನ್ ಮಾಡಿದಾಗ, ಅವನ ಮಾತು ಮುಗಿಯುವ ಮೊದಲೇ ಚಪ್ಪಲಿ ಮೆಟ್ಟಿಕೊಂಡಿದ್ದೆ.

ಸಿದ್ದರಾಜು ನಮ್ಮ ಕಾರ್ಖಾನೆಯಲ್ಲೇ ಕ್ರೋಮ್ ಪ್ಲೇಟಿಂಗ್ ತೊಟ್ಟಿಯ ಮುಂದೆ ಹನ್ನೊಂದು ವರ್ಷ ನಿಂತವನು. ಆ ಹೊಗೆ ಅವನ ಎದೆಯನ್ನು ತಿಂದಿತ್ತು. ಇನ್ನು ಅತ್ತ ಸುಳಿಯಬೇಡ ಎಂದು ಡಾಕ್ಟರು ಹೇಳಿದ ಮೇಲೆ ಊರಿಗೆ ಬಂದು, ಹಿತ್ತಲ ಶೆಡ್ಡಿನಲ್ಲಿ ಅಲ್ಯೂಮಿನಿಯಂಗೆ ಬಣ್ಣ ಕೊಡುವ ಕೆಲಸ ಶುರುಮಾಡಿದ್ದ. ಅಂಗವಿಕಲರ ಕೈ ಸೈಕಲ್ ತಯಾರಿಸುವ ಮಂಡ್ಯದ ಒಬ್ಬರು ಮೂವತ್ತಾರು ಬ್ರೇಕ್ ಲಿವರ್‌ಗಳನ್ನು ಪರೀಕ್ಷೆಗೆಂದು ಕೊಟ್ಟಿದ್ದರು. ಎಲ್ಲವೂ ಒಂದೇ ಕೆಂಪು ಬಣ್ಣದಲ್ಲಿ ಶನಿವಾರ ಸಂಜೆಯೊಳಗೆ ತಲುಪಬೇಕು. ಇಲ್ಲವಾದರೆ ಕೆಲಸ ಬೇರೆಯವರ ಪಾಲು. ಸಿದ್ದರಾಜುವಿಗೆ ಗೊತ್ತಿದ್ದ ಇನ್ನೊಂದು ಕಸುಬೆಂದರೆ ಆ ಕ್ರೋಮ್ ತೊಟ್ಟಿಯೇ.

ಆನೋಡೈಸಿಂಗ್ ಕೆಲಸ ಹೀಗೆ. ಅಲ್ಯೂಮಿನಿಯಂ ವಸ್ತುವನ್ನು ನೀರು ಬೆರೆಸಿದ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಮುಳುಗಿಸಿ ಹನ್ನೆರಡು ವೋಲ್ಟಿನ ಕರೆಂಟ್ ಹರಿಸಿದರೆ, ಮುಕ್ಕಾಲು ಗಂಟೆಯಲ್ಲಿ ಮೈಮೇಲೆ ಗಟ್ಟಿ ಪದರವೊಂದು ಬೆಳೆಯುತ್ತದೆ. ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ತೊಳೆದು, ಅರವತ್ತು ಡಿಗ್ರಿಯ ಡೈನಲ್ಲಿ, ಅಂದರೆ ಬಣ್ಣದ ನೀರಿನಲ್ಲಿ, ಅದ್ದಿದರೆ ಬಣ್ಣ ರಂಧ್ರಗಳಿಗೆ ಇಳಿಯುತ್ತದೆ. ಕೊನೆಗೆ ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಇಟ್ಟರೆ ರಂಧ್ರಗಳು ಮುಚ್ಚಿಕೊಂಡು ಬಣ್ಣ ಒಳಗೇ ಉಳಿಯುತ್ತದೆ. ಇದಕ್ಕೆ ಸೀಲಿಂಗ್ ಎನ್ನುತ್ತಾರೆ.

ಸಿದ್ದರಾಜುವಿನ ಕಷ್ಟ ವಿಚಿತ್ರವಾಗಿತ್ತು. ಮಧ್ಯಾಹ್ನ ಮಾಡಿದ ಹದಿನೆಂಟು ಲಿವರ್ ಕಡುಗೆಂಪಾಗಿದ್ದವು. ಬೆಳಿಗ್ಗೆ ಮಾಡಿದ ಹದಿನೆಂಟು ಬರೀ ಪೇಲವ ಗುಲಾಬಿ. ಆ ಹದಿನೆಂಟರ ಪದರವನ್ನು ಕಾಸ್ಟಿಕ್ ಸೋಡಾದಲ್ಲಿ ಹೊಸದಾಗಿ ಬಣ್ಣ ಹಾಕಲೆಂದು ಆಗಲೇ ಒಮ್ಮೆ ಕರಗಿಸಿದ್ದ. ಇನ್ನೊಮ್ಮೆ ಕರಗಿಸಿದರೆ ಲೋಹವೂ ಸವೆದು ಲಿವರ್‌ನ ತೂತು ಸಡಿಲವಾಗುತ್ತದೆ. ಬ್ರೇಕ್ ಸಡಿಲವಾದರೆ ಸೈಕಲ್ ಮೇಲೆ ಕೂತವರ ಗತಿ ಏನು? ಹಾಗಾಗಿ ಉಳಿದಿದ್ದು ಒಂದೇ ಅವಕಾಶ.

"ಮಿಕ್ಕುದ್ನೆಲ್ಲ ಮಧ್ಯಾನ್ವೇ ಆಕ್ಬುಡನ ಮೇಡಂ," ಎಂದ ಸಿದ್ದರಾಜು.

ನಾನು ಒಪ್ಪಲಿಲ್ಲ. ಕಾರಣ ಗೊತ್ತಾಗದೆ ಒಂದು ಲಿವರನ್ನೂ ಮುಟ್ಟಕೂಡದು ಎಂದು ಗದರಿದೆ. ಚಳಿಗೆ ಬೆಳಗಿನ ಆಸಿಡ್ ತಣ್ಣಗಾಗಿ ರಂಧ್ರಗಳು ಕಿರಿದಾಗಿರಬೇಕು ಎಂದು ನನ್ನ ಮೊದಲ ಅನುಮಾನ. ಶುಕ್ರವಾರ ಬೆಳಿಗ್ಗೆ ಆಸಿಡ್ಡನ್ನು ಇಪ್ಪತ್ತೊಂದು ಡಿಗ್ರಿಗೆ ತಂದು ತುಂಡು ತಗಡು ಹಾಕಿ ನೋಡಿದೆವು. ಗುಲಾಬಿ. ಲಿವರ್ ತೂಗುಹಾಕುವ ಅಲ್ಯೂಮಿನಿಯಂ ತಂತಿಗೂ ಪದರ ಕಟ್ಟಿ ಕರೆಂಟ್ ಸರಿಯಾಗಿ ಹರಿಯುತ್ತಿಲ್ಲವೇನೋ ಎಂದು ಹೊಸ ತಂತಿ ಹಾಕಿಸಿದೆ. ಮತ್ತೆ ಗುಲಾಬಿ. ತಲೆ ಕೆಟ್ಟುಹೋಯಿತು. ಶೆಡ್ಡಿನಿಂದ ಬಾಗಿಲಿಗೆ, ಬಾಗಿಲಿನಿಂದ ಶೆಡ್ಡಿಗೆ ಅಡ್ಡಾಡುತ್ತಲೇ ಇದ್ದೆ. ಕಡೆಗೆ ಆಸಿಡ್ಡೇ ಕೆಟ್ಟಿದೆ ಎಂದು ತೀರ್ಪು ಕೊಟ್ಟು, ನಲವತ್ತು ಲೀಟರನ್ನೂ ಸುಣ್ಣ ಹಾಕಿ ಗುಂಡಿಗೆ ಸುರಿಸಿದೆ.

ಹೊಸ ಆಸಿಡ್‌ನಲ್ಲಿ ಮಧ್ಯಾಹ್ನ ಅದ್ದಿದ ತಗಡು ಕಡುಗೆಂಪಾಗಿ ಬಂತು. "ನೋಡಿದೆಯಾ?" ಎಂದು ಬೀಗಿದೆ. ಅದು ಮಧ್ಯಾಹ್ನ ಎಂಬುದು ಹೊಳೆಯಲೇ ಇಲ್ಲ.

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಧೈರ್ಯವಾಗಿ ಆರು ಲಿವರ್ ಇಳಿಸಿದೆವು. ಡೈನಿಂದ ಮೇಲೆತ್ತಿದರೆ ಆರೂ ಗುಲಾಬಿ. ಸಿದ್ದರಾಜು ಗೋಡೆಗೆ ಕೈಯೂರಿ ಕೆಮ್ಮಿದ. ನನಗೆ ಅವನ ಮುಖ ನೋಡಲು ನಾಚಿಕೆಯಾಯಿತು.

ಇನ್ನೊಂದು ತಗಡನ್ನು ಆಸಿಡ್‌ಗೆ ಇಳಿಸಿ ಅವನು ಕರೆಂಟಿನ ಮೀಟರ್ ಮುಂದೆ ನಿಂತ. ಎರಡು ದಿನವೂ ನಾನು ಅಲ್ಲೇ ನಿಂತು ಮುಳ್ಳು ನೋಡಿದ್ದೆ. ಈ ಸಲ ನಿಲ್ಲಲಾಗಲಿಲ್ಲ. ತಗಡು ಮೇಲೆ ಬಂದ ಕೂಡಲೇ ಅವನ ತಾಯಿ ನಿಂಗಮ್ಮ ಅದನ್ನು ಎಂದಿನಂತೆ ತೊಳೆಯಲು ಬುಟ್ಟಿಯಲ್ಲಿ ಒಯ್ದರು. ಸುಮ್ಮನೆ ಅವರ ಹಿಂದೆ ನಡೆದೆ. ಬಚ್ಚಲಮನೆಯಲ್ಲಿ ಒಲೆಯ ಮೇಲೆ ಹಂಡೆ ಕೊತಕೊತ ಕುದಿಯುತ್ತಿತ್ತು. ನಿಂಗಮ್ಮ ಆ ನೀರನ್ನು ಬಕೆಟ್‌ಗೆ ಮೊಗೆದು, ಬುಟ್ಟಿಯನ್ನು ಅದರೊಳಗೆ ಇಳಿಸಿಬಿಟ್ಟರು.

"ಅಯ್ಯೋ, ಇದೇನಮ್ಮ ಮಾಡ್ತಿದ್ದೀರಿ!" ಎಂದು ಕೂಗಿಕೊಂಡೆ.

"ಚಳಿ ಕಣವ್ವ. ಒತ್ತಾರೆ ತಣ್ಣೀರ್ಗೆ ಕೈ ಇಕ್ಕುದ್ರೆ ಅವ್ನಿಗೆ ಕೆಮ್ಮು ಕಿತ್ಕೊಂಡ್ ಬತ್ತದೆ. ಅದ್ಕೇ ನಾನೇ ತೊಳೀತೀನಿ. ಅಂಡೆ ನೀರ್ನಲ್ಲಿ ಒಂದ್ ಗಳಿಗೆ ಬುಟ್ರೆ ಆಸಿಡ್ಡು ಚೆಂದಾಗಿ ಓಯ್ತದೆ. ಆಮೇಲೆ ಕೈ ಸುಡ್ಬಾರ್ದು ಅಂತ ತಣ್ಣೀರ್ಗೆ ಅದ್ದಿ ಕೊಡ್ತೀನಿ."

"ಮಧ್ಯಾಹ್ನ?"

"ಮಧ್ಯಾನ್ಕೆ ಒಲೆ ಆರೋಗಿರ್ತದಲ್ಲ, ಬರೀ ತಣ್ಣೀರೇಯ."

ಬಣ್ಣ ಇಳಿಯುವ ಮೊದಲೇ ಹಂಡೆಯ ಕುದಿನೀರಿನಲ್ಲಿ ಸೀಲಿಂಗ್ ಆಗಿಹೋಗುತ್ತಿತ್ತು! ಬಾಗಿಲಲ್ಲಿ ಬಂದು ನಿಂತಿದ್ದ ಸಿದ್ದರಾಜುವಿಗೆ ಎರಡೇ ಮಾತಿನಲ್ಲಿ ಹೇಳಿದೆ. ನಿಂಗಮ್ಮನಿಗೆ ಅದೂ ಬೇಕಿರಲಿಲ್ಲ. ನಮ್ಮಿಬ್ಬರ ಮುಖ ನೋಡಿಯೇ ಅವರ ಕೈ ಬಕೆಟ್ಟಿನ ಮೇಲೆ ನಿಂತುಹೋಯಿತು.

"ಅಂಗಾರೆ ನನ್ ಮಗನ್ನ ಮತ್ತೆ ಆ ಹೊಗೆ ತಾವ್ಕೆ ಅಟ್ಟಕ್ಕೆ ಒಂಟಿದ್ದೋಳು ನಾನೇನಾ?"

"ಬುಡವ್ವ. ಇನ್ನೂ ಅನ್ನೆಲ್ಡವೆ, ತಣ್ಣೀರು ತುಂಬು," ಎಂದ ಸಿದ್ದರಾಜು.

ಉಳಿದ ಹನ್ನೆರಡನ್ನೂ ನಿಂಗಮ್ಮನೇ ತಣ್ಣೀರಿನಲ್ಲಿ ತೊಳೆದರು. ಮಗನಿಗೆ ಬಕೆಟ್ ಮುಟ್ಟಲು ಬಿಡಲಿಲ್ಲ. ಹನ್ನೆರಡೂ ಕಡುಗೆಂಪಾದವು. ಸಂಜೆ ಸಿದ್ದರಾಜು ಮೂವತ್ತು ಲಿವರ್ ಹಿಡಿದು ಮಂಡ್ಯಕ್ಕೆ ಹೋದ, ಕೆಟ್ಟ ಆರರ ವಿಷಯವನ್ನೂ ಮುಚ್ಚಿಡದೆ ಹೇಳಿದ. ಕೈ ಸೈಕಲ್‌ನವರು ಬೈದರು, ಆದರೆ ಮಳವಳ್ಳಿಯ ಲೇತ್ ಅಂಗಡಿಯಲ್ಲಿ ಬೇರೆ ಆರು ಮಾಡಿಸಿ ಕೊಡಲು ಸೋಮವಾರದವರೆಗೆ ಸಮಯ ಕೊಟ್ಟರು. ಕೆಲಸ ಅವನಲ್ಲೇ ಉಳಿಯಿತು.

ನಾನು ಬಸ್ಸಿನಲ್ಲಿ ಮನೆಗೆ ಹೊರಟೆ. ನೆಮ್ಮದಿಯಿಂದ ಕೂರಲಾಗಲಿಲ್ಲ. ಕಾರ್ಖಾನೆಯಲ್ಲೂ ತೊಳೆಯುವ ಕೆಲಸ ಹೆಂಗಸರದೇ. ಬಣ್ಣ ಕೆಟ್ಟಾಗಲೆಲ್ಲ ನಾನು ಆಸಿಡ್ ನೋಡಿದ್ದೆ, ಡೈ ನೋಡಿದ್ದೆ, ಮೀಟರ್ ನೋಡಿದ್ದೆ. ಎಷ್ಟೋ ಸಲ ತೊಟ್ಟಿಯ ಮುಂದೆ ನಿಂತ ಸಿದ್ದರಾಜುವಿನಂಥವರ ಮೇಲೆ ತಪ್ಪು ಹೊರಿಸಿ ವರದಿ ಬರೆದಿದ್ದೆ. ವಸ್ತು ಹೋದಲ್ಲೆಲ್ಲ ಅದರ ಹಿಂದೆ ನಡೆದು ಹೋಗಬೇಕು, ಅದು ಯಾರ ಕೈಗೆ ಹೋಗುತ್ತದೋ ಅವರನ್ನು ಕೇಳಬೇಕು ಎಂಬ ಪಾಠ ನನಗೆ ನಿವೃತ್ತಿಯ ನಂತರ ದಕ್ಕಿತು. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಹೆಂಗಸರಲ್ಲಿ ಒಬ್ಬರನ್ನೂ ನಾನು ಒಂದು ಮಾತು ಕೇಳಿರಲಿಲ್ಲ.